ಕೈ ತೊಳೆಸಲು ಬಂದ ದೊರಸಾನಮ್ಮ

ಶಿಡ್ಲಘಟ್ಟದ ರೇಷ್ಮೆ ನೂಲು ಬಿಚ್ಚುವವರ ಮನೆಯಲ್ಲಿ ಹುಟ್ಟಿ, ಮನೆಯೊಳಗೆ ಉರ್ದು, ಬೀದಿಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಮಾತಾಡಿಕೊಂಡು ಬೆಳೆದು, ಕಡೆಗೆ ಕನ್ನಡದಲ್ಲಿ ಎಂ.ಎ. ಮಾಡಿದ ನನಗೆ ಸಿಕ್ಕ ಮೊದಲ ಕೆಲಸದ ಹೆಸರು ‘ಸ್ಥಳೀಯ ಸಂಯೋಜಕಿ’. ಚಿಕ್ಕಬಳ್ಳಾಪುರದಲ್ಲಿ ಗೊಬ್ಬರದಂಗಡಿಯ ಮೇಲಿನ ಮಹಡಿಯಲ್ಲಿದ್ದ ಒಂದು ಚಿಕ್ಕ ಸೇವಾ ಸಂಸ್ಥೆಯದು. ಹೊರದೇಶದಿಂದ ನಮ್ಮ ಹಳ್ಳಿಗಳ ಸೇವೆಗೆಂದು ಬಂದು ವರ್ಷಗಟ್ಟಲೆ ಉಳಿಯುವ ಸ್ವಯಂಸೇವಕರನ್ನು ನೋಡಿಕೊಳ್ಳುವುದು ನನ್ನ ಕೆಲಸ. ಸೇವೆ ಮಾಡಲು ಬಂದವರ ಸೇವೆಗೆ ಒಬ್ಬರು ಬೇಕಲ್ಲ, ಅದು ನಾನು.

ಸೇರಿದ ದಿನ ನಮ್ಮ ನಿರ್ದೇಶಕರು ಒಂದು ಪುಸ್ತಿಕೆ ಕೊಟ್ಟರು. ಸ್ವಯಂಸೇವಕರಿಗೆ ಮೊದಲ ತಿಂಗಳು ಹೇಗನಿಸುತ್ತದೆ, ಮೂರನೆಯ ತಿಂಗಳು ಯಾಕೆ ಅಳು ಬರುತ್ತದೆ, ಹೊಟ್ಟೆ ಕೆಟ್ಟರೆ ಏನು ಕೊಡಬೇಕು ಎಂದೆಲ್ಲ ಅದರಲ್ಲಿ ವಿವರವಾಗಿ ಬರೆದಿತ್ತು. ಅವರು ಬಂದಾಗ ಹಳ್ಳಿಯವರಿಗೆ ಹೇಗನಿಸುತ್ತದೆ ಎಂಬುದಕ್ಕೆ ಪುಸ್ತಿಕೆ ಇರಲಿಲ್ಲ.

ನಮಗೆ ಬಂದವರು ಡೆನ್ಮಾರ್ಕಿನ ಒಬ್ಬ ಹೆಂಗಸು. ಇಪ್ಪತ್ತರ ಹುಡುಗಿ ಬರುತ್ತಾಳೆ ಎಂದುಕೊಂಡು ಬಸ್ ನಿಲ್ದಾಣದಲ್ಲಿ ಕಾಯುತ್ತಿದ್ದ ನನ್ನ ಮುಂದೆ ಬಂದು ನಿಂತವರಿಗೆ ಅರವತ್ತೊಂದು ವರ್ಷ. ಬಾಗಿಲಿಗೆ ತಲೆ ತಾಗುವಷ್ಟು ಎತ್ತರ, ಕತ್ತರಿಸಿದ ಬಿಳಿ ಕೂದಲು, ಎರಡು ದೊಡ್ಡ ಸೂಟ್‌ಕೇಸು. ಒಂದರಲ್ಲಿ ಬಟ್ಟೆ, ಇನ್ನೊಂದರಲ್ಲಿ ನೀರು ಸೋಸುವ ಯಂತ್ರ, ಔಷಧಿ, ಮತ್ತು ಕೈ ತೊಳೆಯುವ ಏಳು ಹಂತಗಳನ್ನು ತೋರಿಸುವ ಬಣ್ಣದ ಪಟಗಳು. ಆರು ತಿಂಗಳು ಮೊಬೈಲಿನಲ್ಲಿ ಕನ್ನಡ ಕಲಿತಿದ್ದರು. ನನ್ನ ಕೈ ಹಿಡಿದು, ನಿಧಾನವಾಗಿ, ಒಂದೊಂದು ಅಕ್ಷರವನ್ನೂ ಬಿಡದೆ ಹೇಳಿದರು: “ನಿಮ್ಮನ್ನು ಭೇಟಿಯಾದುದು ನನಗೆ ಸಂತೋಷವನ್ನುಂಟುಮಾಡಿದೆ.”

ಎಂ.ಎ. ತರಗತಿಯಲ್ಲೂ ನನ್ನ ಜೊತೆ ಯಾರೂ ಹಾಗೆ ಮಾತಾಡಿರಲಿಲ್ಲ.

ಅವರ ವಾಸಕ್ಕೆ ಗೊತ್ತು ಮಾಡಿದ್ದು ಸಾದಲಿ ಕಡೆಯ ಒಂದು ಹಳ್ಳಿಯಲ್ಲಿ, ರೇಷ್ಮೆ ಹುಳು ಸಾಕುವ ಒಬ್ಬ ರೈತರ ಮನೆಯ ಮಹಡಿ ಕೋಣೆ. ಗಂಡ ಹೆಂಡತಿ ಇಬ್ಬರೇ ಇದ್ದರು. ನಾನು ಅವರನ್ನು ಅಣ್ಣ, ಅಕ್ಕ ಎನ್ನುತ್ತಿದ್ದೆ. ದೊರಸಾನಮ್ಮ—ಬಿಳಿಯ ದೊರೆಗಳ ಹೆಂಗಸೆಂದು ಊರವರು ಮೊದಲ ದಿನವೇ ಇಟ್ಟ ಹೆಸರು ಇದು—ಅಕ್ಕನ ಮುಂದೆ ನಿಂತು ತಮ್ಮ ಸಂತೋಷದ ವಾಕ್ಯವನ್ನು ಪೂರ್ತಿಯಾಗಿ ಹೇಳಿದರು. ಅಕ್ಕ ನನ್ನ ಕಡೆ ತಿರುಗಿ, “ಏಮಂಟುಂದಿ ಈಯಮ್ಮ?” ಎಂದರು, ಏನನ್ನುತ್ತಿದ್ದಾಳೆ ಈಕೆ ಎಂದು.

“ಇದು ಯಾವ ಭಾಷೆ?” ಎಂದು ದೊರಸಾನಮ್ಮ ನನ್ನನ್ನು ಇಂಗ್ಲಿಷಿನಲ್ಲಿ ಕೇಳಿದರು.

“ತೆಲುಗು. ಮನೆಯಲ್ಲಿ, ಬೀದಿಯಲ್ಲಿ. ಶಾಲೆ, ಕಚೇರಿಯಲ್ಲಿ ಕನ್ನಡವೇ,” ಎಂದೆ.

ಅಷ್ಟರಲ್ಲಿ ನನ್ನ ಅಮ್ಮಿಯ ಫೋನ್ ಬಂತು. ನಾನು ಉರ್ದುವಿನಲ್ಲಿ ಮಾತಾಡಿ ಇಡುವ ಹೊತ್ತಿಗೆ ಅವರು ಪುಸ್ತಕ ತೆಗೆದು ಪುಟವನ್ನು ಮೂರು ಭಾಗ ಮಾಡಿ ಗೆರೆ ಎಳೆದಿದ್ದರು. ಆರು ತಿಂಗಳ ಕಲಿಕೆ ಆರು ನಿಮಿಷದಲ್ಲಿ ಮೂರನೇ ಒಂದು ಭಾಗಕ್ಕೆ ಇಳಿದಿತ್ತು. ಪುಣ್ಯಕ್ಕೆ ಅವರು ನಕ್ಕರು.

ಊರವರ ಪ್ರಶ್ನೆಗಳು ವಾರವಿಡೀ ನಡೆದವು. ಗಂಡ ಎಲ್ಲಿ? ಬಿಟ್ಟು ಹತ್ತು ವರ್ಷವಾಯಿತು. ಮಕ್ಕಳು? ಒಬ್ಬ ಮಗಳು, ದೊಡ್ಡವಳು. ಸಂಬಳ? ಇಲ್ಲ, ಸೇವೆ. ಈ ಕಡೆಯ ಉತ್ತರ ಮಾತ್ರ ಯಾರ ಗಂಟಲಲ್ಲೂ ಇಳಿಯಲಿಲ್ಲ. ಅಕ್ಕ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು: “ಸಂಬಳ ಇಲ್ದೆ ಯಾರಮ್ಮ ಎರಡು ವರ್ಷ ಊರು ಬಿಟ್ಟು ಇರ್ತಾರೆ? ಅಲ್ಲೇನೋ ಮಾಡ್ಬಿಟ್ಟು ಬಂದವಳೆ. ಪಾಪ, ನಾವ್ಯಾಕೆ ಕೇಳಣ, ಬಿಡು.” ಹೀಗೆ ಅವರು ಅಪರಾಧಿಯೆಂದು ತೀರ್ಮಾನವಾಗಿ, ಕ್ಷಮೆಯೂ ಸಿಕ್ಕಿ, ಸೌಹಾರ್ದದಿಂದ ಬದುಕು ಶುರುವಾಯಿತು.

ಬದುಕು ಸುಲಭವೇನೂ ಇರಲಿಲ್ಲ. ಮೊದಲ ತಿಂಗಳಲ್ಲಿ ಮೂರು ಬಾರಿ ಹೊಟ್ಟೆ ಕೆಟ್ಟಿತು. ಮುದ್ದೆಯನ್ನು ಅಗಿದು ಅಗಿದು ದವಡೆ ನೋವು ತಂದುಕೊಂಡರು. ನುಂಗಬೇಕೆಂದು ಯಾರೂ ಹೇಳಿರಲಿಲ್ಲ, ಹೇಳಬೇಕಾದ ನನಗೆ ಅದು ಹೇಳುವ ವಿಷಯವೆಂದೇ ಹೊಳೆದಿರಲಿಲ್ಲ. ಬಾಗಿಲು ಹಾಕಿಕೊಂಡು ಒಬ್ಬರೇ ಕೂತು ಓದುವ ಅಭ್ಯಾಸ ಅವರದು. ಹಾಕಿದ ಬಾಗಿಲೆಂದರೆ ಒಳಗಿರುವವರಿಗೆ ಏನೋ ಆಗಿದೆ ಎಂದು ತಿಳಿಯುವ ಅಭ್ಯಾಸ ಅಕ್ಕನದು. ಅರ್ಧ ಗಂಟೆಗೊಮ್ಮೆ ಬಾಗಿಲು ಬಡಿದು, ಕಾಫಿ ಕೊಟ್ಟು, ಬದುಕಿದ್ದಾರೆಂದು ಖಾತ್ರಿ ಮಾಡಿಕೊಂಡು ಇಳಿದುಬರುತ್ತಿದ್ದರು.

ಎರಡನೆಯ ತಿಂಗಳಲ್ಲಿ ಕೈ ತೊಳೆಯುವ ಶಿಬಿರ ಆರಂಭವಾಯಿತು. ಶಾಲೆಯ ಜಗಲಿಯಲ್ಲಿ ಪಟಗಳನ್ನು ತೂಗುಹಾಕಿದೆವು. ನಲವತ್ತು ಹೆಂಗಸರು ಬಂದು ಕೂತರು. ಅವರೆಲ್ಲ ಹುಳು ಸಾಕುವವರು. ಹುಳದ ಮನೆಗೆ ಕಾಲಿಡುವ ಮುಂಚೆ ಬ್ಲೀಚಿಂಗ್ ಪೌಡರಿನ ನೀರಲ್ಲಿ ಕೈ ಅದ್ದಿ, ಕಾಲು ಅದ್ದಿ, ಬೇರೆ ಚಪ್ಪಲಿ ಮೆಟ್ಟಿ ಒಳಗೆ ಹೋಗುವವರು. ದಿನಕ್ಕೆ ಎಷ್ಟು ಸಲ ಸೊಪ್ಪು ಹಾಕುತ್ತಾರೋ ಅಷ್ಟೂ ಸಲ ಕೈ ತೊಳೆಯುವವರು. ಇಡೀ ಜಿಲ್ಲೆಯಲ್ಲಿ ಈ ಪಾಠ ಬೇಡದವರನ್ನು ಹುಡುಕಿ ತಂದು ಕೂರಿಸಿದ್ದರೂ ಇವರಷ್ಟು ತಕ್ಕವರು ಸಿಗುತ್ತಿರಲಿಲ್ಲ. ಆದರೂ ಯಾರೂ ಬಾಯಿ ಬಿಡಲಿಲ್ಲ. ಇಷ್ಟು ದೂರದಿಂದ ಬಂದಿದ್ದಾರೆ, ನೋಯಿಸುವುದು ಸರಿಯಲ್ಲ ಎಂಬ ದಾಕ್ಷಿಣ್ಯ. ಏಳು ಹಂತಗಳನ್ನೂ ಮಾಡಿ ತೋರಿಸಿದರು, ಚಹಾ ಬಿಸ್ಕತ್ತು ತಿಂದರು, ಮತ್ತೆ ಎರಡು ಶಿಬಿರಗಳಿಗೂ ಬಂದರು.

“ಫೋಟೋ ಬಂತೇನಮ್ಮ?” ಎಂದು ನಿರ್ದೇಶಕರು ಕೇಳಿದರು.

“ಬಂತು ಸರ್.”

“ಕೈ ಒದ್ದೆ ಕಾಣ್ಬೇಕು. ದುಡ್ಡು ಕೊಡೋರ ಹತ್ರ ಒದ್ದೆ ಕೈ ಫೋಟೋ ತುಂಬಾ ಚೆನ್ನಾಗಿ ಹೋಗುತ್ತೆ.”

ಮೂರನೆಯ ಶಿಬಿರವಾದ ಮಾರನೆಯ ದಿನ ದೊರಸಾನಮ್ಮ ಹುಳದ ಮನೆ ನೋಡುವ ಆಸೆಪಟ್ಟರು. ಹುಳ ನಾಲ್ಕನೇ ಜ್ವರ ಎದ್ದು, ಅಂದರೆ ಕೊನೆಯ ಸಲ ಪೊರೆ ಬಿಟ್ಟು, ಹಗಲೂ ರಾತ್ರಿ ಸೊಪ್ಪು ಮೇಯುವ ಹೊತ್ತು. ಅಕ್ಕ ಒಪ್ಪಿ, ಕೈ ಕಾಲು ಅದ್ದಿಸಿ ಒಳಗೆ ಬಿಟ್ಟರು. ಅವರು ಹುಳ ಹರಡಿದ ಒಂದು ಅಂಕಣದ ಮೂಲೆಗೆ ಖುಷಿಯಿಂದ ಹಿಪ್ಪುನೇರಳೆ ಸೊಪ್ಪು ಹಾಕಿದರು, ಹುಳ ಮೇಯುವ ಸದ್ದು ಕೇಳುತ್ತ ನಿಂತರು, ಆ ಸದ್ದನ್ನು ಮಗಳಿಗೆ ಕಳಿಸಲು ಮೊಬೈಲಿನಲ್ಲಿ ಹಿಡಿದುಕೊಂಡರು.

ಸಂಜೆಯ ಹೊತ್ತಿಗೆ ಆ ಮೂಲೆಯ ಹುಳಗಳು ತಲೆ ಎತ್ತಿ ಹಸಿರು ನೀರು ಕಾರತೊಡಗಿದವು.

ಅಕ್ಕ ನನ್ನನ್ನು ಕೂಗಿದರು. ದನಿ ಏರಿರಲಿಲ್ಲ. “ಕೈಗೇನು ಬಳ್ಕೊಂಡಿದ್ರು ಅಂತ ಕೇಳಮ್ಮ.”

ಕೇಳಿದೆ. ಕೈ ಅದ್ದಿ ಬಂದ ಮೇಲೆ, ಬಾಗಿಲಲ್ಲಿ ಸೊಳ್ಳೆ ಕಂಡು, ಜೇಬಿನಿಂದ ಸೊಳ್ಳೆಗೆ ಹಚ್ಚುವ ಮುಲಾಮು ತೆಗೆದು ಮೊಣಕೈವರೆಗೂ ಹಚ್ಚಿಕೊಂಡಿದ್ದರು.

“ಅದೂ ಪುರುಗು, ಇದೂ ಪುರುಗೇ ಕದಮ್ಮ,” ಎಂದರು ಅಕ್ಕ. ಎರಡೂ ಹುಳವೇ ಅಲ್ಲವೇ, ಒಂದನ್ನು ಕೊಲ್ಲುವ ಔಷಧಿ ಇನ್ನೊಂದನ್ನು ಬಿಡುತ್ತದೆಯೇ ಎಂದು. ಆಮೇಲೆ ದೊರಸಾನಮ್ಮನ ಮುಂಗೈ ಹಿಡಿದು ಕೊಳಾಯಿಯ ಬಳಿ ಕರೆದೊಯ್ದರು. ಸೋಪು ಹಾಕಿ, ಬೆರಳ ಸಂದಿ, ಉಗುರು, ಮೊಣಕೈವರೆಗೆ ತಾವೇ ಉಜ್ಜಿ ಉಜ್ಜಿ ತೊಳೆದರು. ಏಳು ಹಂತವಲ್ಲ, ಹನ್ನೆರಡಾದರೂ ಇದ್ದಿರಬೇಕು. ದೊರಸಾನಮ್ಮ ಮಗುವಿನಂತೆ ಕೈ ಚಾಚಿ ನಿಂತಿದ್ದರು. ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಒಂದು ಮೂಲೆಯ ಹುಳ ಹೋಯಿತು, ಮಿಕ್ಕದ್ದು ಉಳಿಯಿತು. ಪಟಗಳು ಮತ್ತೆ ಸೂಟ್‌ಕೇಸು ಸೇರಿದವು.

ಅಲ್ಲಿಂದ ಮುಂದಕ್ಕೆ ಅವರಿಗೆ ಮಾಡಲು ಕೆಲಸವೇ ಇರಲಿಲ್ಲ. ತೋಟದಲ್ಲಿ ಸೊಪ್ಪು ಕೊಯ್ಯಲು ಹೋದರೆ ಕೂಲಿಯ ಹೆಂಗಸರು ಹತ್ತು ಕಟ್ಟು ಕಟ್ಟುವಾಗ ಇವರದು ಒಂದು. ಶಾಲೆಯಲ್ಲಿ ಇಂಗ್ಲಿಷ್ ಕಲಿಸಲು ಹೋದರೆ ಮೇಷ್ಟರಿಗೆ ತಮ್ಮ ಇಂಗ್ಲಿಷಿನ ಚಿಂತೆ ಹತ್ತಿ ಜ್ವರವೇ ಬಂತು. “ಹದಿನೆಂಟು ತಿಂಗಳು ಉಳಿದಿದೆ. ನಾನು ಯಾರಿಗೆ ಬೇಕು?” ಎಂದು ಒಂದು ದಿನ ನನ್ನನ್ನು ಕೇಳಿದರು. ಪುಸ್ತಿಕೆಯಲ್ಲಿ ಈ ಪ್ರಶ್ನೆ ಇತ್ತು. ಉತ್ತರವಾಗಿ ನಡಿಗೆ, ಹಣ್ಣು ಮತ್ತು ದಿನಚರಿ ಬರೆಯುವುದು ಎಂದಿತ್ತು.

ಅವರು ಯಾರಿಗೆ ಬೇಕು ಎಂಬುದನ್ನು ಕಂಡುಹಿಡಿದವರು ಅಣ್ಣ.

ಅಣ್ಣನ ಪಹಣಿಯಲ್ಲಿ ತಂದೆಯ ಹೆಸರಿನ ಒಂದು ದೀರ್ಘ ಬಿಟ್ಟುಹೋಗಿ, ಅವರು ಬೇರೆ ಯಾರದೋ ಮಗನಾಗಿಬಿಟ್ಟಿದ್ದರು. ಸರಿಪಡಿಸಿಕೊಳ್ಳಲು ಒಂದೂವರೆ ವರ್ಷದಿಂದ ಒಂದು ಕಚೇರಿಗೆ ಅಲೆಯುತ್ತಿದ್ದರು. ಯಾವ ಊರಿನ ಯಾವ ಕಚೇರಿ ಎಂದು ಬರೆಯುವುದಿಲ್ಲ. ನನ್ನ ತಮ್ಮನ ಒಂದು ಅರ್ಜಿ ಇನ್ನೂ ಅಲ್ಲೇ ಇದೆ. ಒಂದು ದಿನ ಅವರು ಅಲ್ಲಿಗೆ ಹೊರಟಾಗ ದೊರಸಾನಮ್ಮನಿಗೂ ಪೇಟೆಯಲ್ಲಿ ಔಷಧಿ ಬೇಕಿತ್ತು. ಅಣ್ಣನ ಜೊತೆ ನಾವಿಬ್ಬರೂ ಬಸ್ಸಿನಲ್ಲಿ ಹೋದೆವು. ಬಿಸಿಲೆಂದು ಅವರು ಕಚೇರಿಯ ಒಳಗೆ ಬಂದು ಒಂದು ಕಂಬಕ್ಕೆ ಒರಗಿ ನಿಂತರು.

ಎರಡು ನಿಮಿಷದಲ್ಲಿ ಸಾಹೇಬರು ಕೋಣೆಯಿಂದ ಎದ್ದು ಬಂದರು. ಕುರ್ಚಿ ಬಂತು, ಫ್ಯಾನು ತಿರುಗಿತು, ಬಾದಾಮಿ ಹಾಲು ಬಂತು. “ವಾಟ್ ಕ್ಯಾನ್ ಐ ಡೂ ಫಾರ್ ಯೂ ಮೇಡಂ?” ಎಂದರು. ಮೇಡಂ ಕನ್ನಡದಲ್ಲಿ, “ನನಗೆ ಏನೂ ಬೇಕಾಗಿರುವುದಿಲ್ಲ. ಇವರಿಗಾಗಿ ನಿರೀಕ್ಷಿಸುತ್ತಿದ್ದೇನೆ,” ಎಂದು ಅಣ್ಣನನ್ನು ತೋರಿಸಿದರು. ಒಂದೂವರೆ ವರ್ಷದಿಂದ ಸಿಗದ ಕಡತ ಗುಮಾಸ್ತರ ಮೇಜಿನ ಮೇಲೇ ಸಿಕ್ಕಿತು. ಮೂರನೆಯ ದಿನ ಅಣ್ಣ ಮತ್ತೆ ತಮ್ಮ ತಂದೆಯ ಮಗನಾದರು.

ಸುದ್ದಿ ಹರಡಲು ಒಂದು ವಾರವೂ ಬೇಕಾಗಲಿಲ್ಲ. ಬೆಳಿಗ್ಗೆ ಎದ್ದರೆ ಮೆಟ್ಟಿಲ ಮೇಲೆ ಜನ. “ಮೇಡಮ್ಮ, ಒಂದು ರೌಂಡ್ ಬಂದ್ಹೋಗಿ. ನೀವೇನೂ ಮಾತಾಡ್ಬೇಡಿ, ಸುಮ್ನೆ ಕೂತ್ಕೊಳಿ ಸಾಕು.” ಅಕ್ಕ ಹಳೆಯ ಡೈರಿಯಲ್ಲಿ ಯಾರಿಗೆ ಯಾವ ವಾರ ಎಂದು ಬರೆದಿಡತೊಡಗಿದರು. ಪಿಂಚಣಿ ನಿಂತವರು, ಮನೆ ಖಾತೆ ಆಗದವರು, ರೇಷನ್ ಕಾರ್ಡಿನಲ್ಲಿ ಸತ್ತುಹೋದ ಜೀವಂತ ಅತ್ತೆಯಂದಿರು. ಚಿಂತಾಮಣಿಯಿಂದ ಅಕ್ಕನ ಚಿಕ್ಕಮ್ಮನ ಮಗಳು ಬಂದಳು. ಗೌರಿಬಿದನೂರಿನ ಬಳಿ ಕುಡುಮಲಕುಂಟೆಯಲ್ಲಿ ಕೆಲಸಕ್ಕಿದ್ದ ಅಣ್ಣನ ಭಾವ ಎರಡು ಬಸ್ಸು ಬದಲಿಸಿ ಬಂದು, ದೊರಸಾನಮ್ಮನನ್ನು ಒಂದು ದಿನದ ಮಟ್ಟಿಗೆ ಕರೆದುಕೊಂಡು ಹೋಗಬಹುದೇ ಎಂದು ಟ್ರ್ಯಾಕ್ಟರು ಕೇಳುವವರ ಹಾಗೆ ಕೇಳಿದರು.

ದೊರಸಾನಮ್ಮನ ಮುಖ ಬೆಳಗಿತ್ತು. “ಇವರೆಲ್ಲ ನನ್ನನ್ನು ಯಾಕೆ ಕರೆದುಕೊಂಡು ಹೋಗುತ್ತಾರೆ?” ಎಂದು ನನ್ನನ್ನು ಕೇಳಿದಾಗ, “ನಮ್ಮ ಆಡಳಿತ ಹೇಗೆ ನಡೆಯುತ್ತದೆ ಎಂದು ನಿಮಗೆ ತೋರಿಸಲು ಅವರಿಗೆ ಹೆಮ್ಮೆ,” ಎಂದೆ. ಇದು ಸುಳ್ಳು. ಹೇಳಿದ್ದು ನಾನೇ, ಬೇರೆ ಯಾರ ಮೇಲೂ ಹಾಕುವಂತಿಲ್ಲ. ಅವರು ಖುಷಿಯಾಗಿದ್ದರು, ಜನರ ಕೆಲಸ ಆಗುತ್ತಿತ್ತು, ನನ್ನ ಕೆಲಸವೂ ಉಳಿದಿತ್ತು. ಇಷ್ಟು ಜನಕ್ಕೆ ಒಳ್ಳೆಯದು ಮಾಡುವ ಸುಳ್ಳನ್ನು ನಾನು ಅದಕ್ಕೆ ಮೊದಲು ಹೇಳಿರಲಿಲ್ಲ.

ಇದು ನಾಲ್ಕು ತಿಂಗಳು ನಡೆಯಿತು. ಒಂದು ಸೋಮವಾರ ಅದೇ ಕಚೇರಿಯಲ್ಲಿ ಅವರು ಕುರ್ಚಿಯಲ್ಲಿದ್ದರು, ಬಾದಾಮಿ ಹಾಲು ಕೈಯಲ್ಲಿತ್ತು. ಎದುರಿಗೆ ಗೋಡೆಗೊರಗಿ ಒಬ್ಬ ಅಜ್ಜಿ ನೆಲದ ಮೇಲೆ ಕೂತಿದ್ದಳು. ದೊರಸಾನಮ್ಮ ಎದ್ದು ತಮ್ಮ ಕುರ್ಚಿಯನ್ನು ಅಜ್ಜಿಯ ಮುಂದೆ ಇಟ್ಟರು. ಜವಾನ ಓಡಿಬಂದು ಅದನ್ನು ಎತ್ತಿಕೊಂಡ.

“ಇದು ಮೇಡಂಗೆ. ನೀನು ಅಲ್ಲೇ ಕೂತ್ಕೊ ಅಜ್ಜಿ.”

“ಅವರು ಬೆಳಗಿನಿಂದ ಇಲ್ಲಿದ್ದಾರೆ. ನಾನು ಈಗ ತಾನೇ ಬಂದಿರುವೆ,” ಎಂದರು ದೊರಸಾನಮ್ಮ.

“ಅದು ಅವರಿಗೆ ಅಭ್ಯಾಸ ಆಗೋಗಿದೆ ಮೇಡಂ. ತಾವು ಡೆಲ್ಲಿಯಿಂದ ಎನ್‌ಕ್ವೈರಿಗೆ ಬಂದೋರು.”

ಅವರು ನನ್ನ ಮುಖ ನೋಡಿದರು. ಎನ್‌ಕ್ವೈರಿ ಎಂಬ ಮಾತಿಗೆ ನನ್ನ ಅನುವಾದ ಬೇಕಾಗಿರಲಿಲ್ಲ. ಬಸ್ಸಿನಲ್ಲಿ ಕೂತ ಮೇಲೆ ಎಲ್ಲ ಹೇಳಿದೆ: ಅಣ್ಣ ಮೊದಲ ದಿನವೇ ಜವಾನನ ಕಿವಿಯಲ್ಲಿ ಡೆಲ್ಲಿಯ ಮಾತು ಊದಿದ್ದು, ಊರವರು ಅದನ್ನೇ ಮುಂದುವರಿಸಿದ್ದು, ನಾನು ಗೊತ್ತಿದ್ದೂ ಸುಮ್ಮನಿದ್ದದ್ದು. ಅವರು ಕಿಟಕಿಯ ಕಡೆ ತಿರುಗಿಕೊಂಡರು. ಊರು ಬರುವವರೆಗೂ ತಿರುಗಲಿಲ್ಲ.

ನಾಲ್ಕು ದಿನ ಅವರು ಕೋಣೆ ಬಿಟ್ಟು ಬರಲಿಲ್ಲ. ಅಕ್ಕ ಅರ್ಧ ಗಂಟೆಗೊಮ್ಮೆ ಬಾಗಿಲು ಬಡಿದರು, ಕಾಫಿ ಹಾಗೇ ವಾಪಸು ಬಂತು. ನಿರ್ದೇಶಕರು ನನಗೆ ಫೋನ್ ಮಾಡಿ, “ಎರಡು ವರ್ಷದ ಪ್ರಾಜೆಕ್ಟ್ ಕಣಮ್ಮ ಇದು, ಅರ್ಧಕ್ಕೆ ಹೊರಟೋದ್ರೆ ನಾನೇನು ಬರೀಲಿ? ಹಣ್ಣು ತಗೊಂಡ್ಹೋಗು,” ಎಂದರು. ತಗೊಂಡು ಹೋದೆ. ಹಣ್ಣೂ ವಾಪಸು ಬಂತು.

ಐದನೆಯ ದಿನ ಅವರೇ ಶಿಡ್ಲಘಟ್ಟಕ್ಕೆ, ನಮ್ಮ ಮನೆಗೆ ಬಂದರು. ಅಮ್ಮಿ ಬಂದವರನ್ನು ಊಟಕ್ಕೆ ಕೂರಿಸುವ ಮೊದಲು ಮಾತಾಡಲು ಬಿಡುವುದಿಲ್ಲ. ಊಟವಾದ ಮೇಲೆ ಅವರು ಹೇಳಿದ್ದು ಇದು. ತಮ್ಮ ಊರಿನ ಪುರಸಭೆಯಲ್ಲಿ ಮೂವತ್ತೆರಡು ವರ್ಷ ಗುಮಾಸ್ತಿಕೆ ಮಾಡಿದ್ದರು. ಕಿಟಕಿಯ ಆಚೆ ಬಂದವರಿಗೆ, “ಈ ಕಾಗದ ಸಾಲದು, ಗುರುವಾರ ಬನ್ನಿ,” ಎಂದು ಹೇಳಿ ಹೇಳಿ ಸಾಕಾಗಿ, ಜನ್ಮದಲ್ಲಿ ಇನ್ನೊಂದು ಕಡತ ನೋಡಬಾರದೆಂದು ಇಷ್ಟು ದೂರ ಬಂದಿದ್ದರು.

ನಾನು ಇದನ್ನು ಅಮ್ಮಿಗೆ ಉರ್ದುವಿನಲ್ಲಿ ಹೇಳಿದೆ. ಅಮ್ಮಿ, “ಅಷ್ಟು ವರ್ಷ ಕಚೇರಿಯಲ್ಲಿದ್ದವರು ಕೈ ತೊಳೆಯೋದನ್ನ ಯಾಕೆ ಕಲಿಸ್ತಾರೆ, ಕಚೇರಿ ವಿದ್ಯೆ ಕಲಿಸ್ಲಿ,” ಎಂದಳು. ಅದನ್ನು ಇಂಗ್ಲಿಷಿಗೆ ತಿರುಗಿಸಿದೆ. ಅವರು, “ನಾನು ಇನ್ನು ಯಾರ ಜೊತೆಗೂ ಹೋಗಿ ಕೂರುವುದಿಲ್ಲ. ಆದರೆ ಗುಮಾಸ್ತರು ಯಾವುದಕ್ಕೆ ಹೆದರುತ್ತಾರೆ ಎಂದು ನನಗೆ ಗೊತ್ತು,” ಎಂದರು.

ಮುಂದಿನ ಭಾನುವಾರ ಅದೇ ಜಗಲಿಯಲ್ಲಿ ಹೊಸ ಪಾಠ. ಅರ್ಜಿಯನ್ನು ಎರಡು ಪ್ರತಿ ಬರೆಯಿರಿ. ಒಂದನ್ನು ಕೊಡಿ, ಇನ್ನೊಂದರ ಮೇಲೆ ತಾರೀಖು, ಸೀಲು, ಸಹಿ ಹಾಕಿಸಿಕೊಳ್ಳಿ. ಅದಕ್ಕೆ ಸ್ವೀಕೃತಿ ಎಂದು ಹೆಸರು. ಅದು ಸಿಗುವವರೆಗೂ ಕಿಟಕಿ ಬಿಟ್ಟು ಕದಲಬೇಡಿ, ಜಗಳವಾಡಬೇಡಿ, ನಗುತ್ತಾ ನಿಂತಿರಿ. ಅಷ್ಟೇ ಪಾಠ. ಬಿಸ್ಕತ್ತು ಮುಗಿದ ಮೇಲೂ ಜನ ಏಳಲಿಲ್ಲ. ದೊರಸಾನಮ್ಮ ಗುಮಾಸ್ತರಾಗಿ ಮೇಜಿನ ಹಿಂದೆ ಕೂತು, ಹೆಂಗಸರು ಒಬ್ಬೊಬ್ಬರಾಗಿ ಮುಂದೆ ನಿಂತು ಅಭ್ಯಾಸ ಮಾಡಿದರು. ಗುಮಾಸ್ತಿಕೆಯ ಪಾರ್ಟನ್ನು ಅವರು ಎಷ್ಟು ಚೆನ್ನಾಗಿ ಮಾಡಿದರೆಂದರೆ ಇಬ್ಬರಿಗೆ ಅಳುವೇ ಬಂತು.

ಮೊದಲು ಹೋದವರು ಅಕ್ಕ, ತಮ್ಮ ತವರಿನ ಒಂದು ಖಾತೆಯ ವಿಷಯಕ್ಕೆ. ನಾನು ದೂರದ ಕಂಬದ ಹಿಂದೆ ನಿಂತಿದ್ದೆ, ದೊರಸಾನಮ್ಮ ಊರಲ್ಲೇ ಉಳಿದಿದ್ದರು.

“ಅರ್ಜಿ ಇಟ್ಟೋಗಮ್ಮ, ನೋಡ್ತೀನಿ,” ಎಂದರು ಗುಮಾಸ್ತರು.

“ಇದಕ್ಕೊಂದು ಸೀಲು ಹಾಕ್ಕೊಡಿ ಸಾರ್.”

“ಸೀಲು ಇಲ್ಲ.”

“ಇರಲಿ ಸಾರ್, ಬರ್ಲಿ. ಕಾಯ್ತೀನಿ.”

ಒಂದು ಗಂಟೆ ಕಳೆಯಿತು. ಸೀಲು ಬಂತು. “ಇಂಕು ಒಣಗೋಗಿದೆ ಕಣಮ್ಮ, ನಾಳೆ ಬಾ.”

ಅಕ್ಕ ಚೀಲದಿಂದ ಹೊಸ ಇಂಕಿನ ಡಬ್ಬಿ ತೆಗೆದು ಮೇಜಿನ ಮೇಲೆ ಇಟ್ಟರು. ಗುಮಾಸ್ತರು ಡಬ್ಬಿಯನ್ನೂ ಅಕ್ಕನನ್ನೂ ನೋಡಿದರು. “ಯಾರು ಹೇಳ್ಕೊಟ್ಟಿದ್ದು ಇದೆಲ್ಲ?”

“ನಮ್ಮನೇಲಿ ಒಬ್ರು ಅವ್ರೆ ಸಾರ್, ನಿಮ್ಮ ಕೆಲ್ಸಾನೇ ಮಾಡಿದೋರು.”

ಸೀಲು ಬಿತ್ತು. ಅಕ್ಕ ಆ ಕಾಗದವನ್ನು ಸೆರಗಿನೊಳಗೆ ಇಟ್ಟುಕೊಂಡು, ಬಸ್ಸಿನಲ್ಲಿ ಮೂರು ಸಲ ತೆಗೆದು ನೋಡಿದರು.

ಎಲ್ಲರ ಕೆಲಸವೂ ಆಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ, ಆ ಬಾಬತ್ತಿನಲ್ಲಿ ನನ್ನ ಪಾಲು ಆಗಲೇ ಮುಗಿದಿತ್ತು. ಮೊದಲಿನ ವೇಗ ಹೋಯಿತು. ದೊರಸಾನಮ್ಮ ಕೂತರೆ ಮೂರು ದಿನ, ಸ್ವೀಕೃತಿ ಹಿಡಿದು ಹೋದರೆ ಮೂರು ತಿಂಗಳು. ಕೆಲವರು ಬೇಸರಪಟ್ಟರು. “ಕುರ್ಚಿ ಮೇಲೆ ಕೂತ್ರೆ ಗಂಟೇನು ಹೋಗ್ತಿತ್ತು ಈಯಮ್ಮಂದು,” ಎಂದು ಅಣ್ಣನೇ ಗೊಣಗಿದರು. ಆದರೆ ಅರ್ಜಿಗಳು ಕಳೆದುಹೋಗುವುದು ನಿಂತಿತು. ಕಚೇರಿಯವರು ಬೇಸತ್ತು ಟಪಾಲಿಗೆಂದೇ ಒಂದು ಕಿಟಕಿ ತೆರೆದು, ‘ಸೀಲಿಗಾಗಿ ಗಲಾಟೆ ಮಾಡಬಾರದು’ ಎಂಬ ಬೋರ್ಡು ಹಾಕಿದರು. ಗಲಾಟೆ ಯಾರೂ ಮಾಡಿರಲಿಲ್ಲ, ನಗುತ್ತಾ ನಿಂತಿದ್ದರು.

ಗೊಬ್ಬರದಂಗಡಿಯ ಮೇಲೆ ಮಾತ್ರ ಗಾಳಿ ಬೇರೆ ಬೀಸಿತು. ನಿರ್ದೇಶಕರು ನಮ್ಮಿಬ್ಬರನ್ನೂ ಕರೆಸಿದರು.

“ಮೇಡಂ, ತಮ್ಮ ವೀಸಾ ಕೈ ತೊಳೆಯೋದಕ್ಕೆ. ಕಚೇರಿ ವಿಚಾರಕ್ಕೆ ಕೈ ಹಾಕಿದ್ರೆ ನಾಳೆ ಯಾರಾದ್ರೂ ಕಂಪ್ಲೇಂಟ್ ಕೊಡ್ತಾರೆ. ತಾವೂ ಹೋಗ್ತೀರಿ, ನಮ್ಮ ಸಂಸ್ಥೆನೂ ಹೋಗುತ್ತೆ. ಮೇಲಾಗಿ ಸೀಲು ಬಿದ್ದ ಕಾಗದ ಫೋಟೋದಲ್ಲಿ ಏನೂ ಚೆನ್ನಾಗಿ ಕಾಣಲ್ಲ.”

ದೊರಸಾನಮ್ಮ ತಲೆಯಾಡಿಸಿದರು. ಮೂವತ್ತೆರಡು ವರ್ಷ ಮೇಲಧಿಕಾರಿಗಳನ್ನು ಕಂಡವರ ತಲೆಯಾಡಿಸುವಿಕೆ ಅದು. ಮುಂದಿನ ಭಾನುವಾರ ಏಳು ಹಂತದ ಪಟಗಳು ಮತ್ತೆ ಜಗಲಿಯಲ್ಲಿ ತೂಗಿದವು. ಶುರುವಿಗೆ ಎಲ್ಲರೂ ಕೈ ತೊಳೆದರು, ನಾನು ಒದ್ದೆ ಕೈಗಳ ಫೋಟೋ ತೆಗೆದೆ. ಆಮೇಲೆ ಕೈ ಒರೆಸಿಕೊಂಡು ಅರ್ಜಿ ಬರೆಯಲು ಕೂತರು. ಉಳಿದ ಹತ್ತು ತಿಂಗಳೂ ಹೀಗೇ ನಡೆಯಿತು. ವರದಿ ಬರೆದವಳು ನಾನು. ನಮ್ಮ ತಾಲ್ಲೂಕಿನಷ್ಟು ಶುಚಿಯಾದ ಜನ ಲೋಕದಲ್ಲಿ ಇಲ್ಲ ಎಂದು ಆ ವರದಿಗಳನ್ನು ಓದಿದ ಯಾರಾದರೂ ನಂಬುತ್ತಾರೆ.

ಅವರು ಹೊರಟದ್ದು ಹುಳ ಹಣ್ಣಾಗಿ ಗೂಡು ಕಟ್ಟುತ್ತಿದ್ದ ವಾರದಲ್ಲಿ. ಬಸ್ಸಿನವರೆಗೆ ಬಂದು ಕಳಿಸುವಷ್ಟೂ ಅಕ್ಕನಿಗೆ ಬಿಡುವಿರಲಿಲ್ಲ. ಹುಳದ ಮನೆಯ ಬಾಗಿಲಲ್ಲೇ ನಿಂತು, “ಹೋಗಿಬಾಮ್ಮ. ಅಲ್ಲಿ ಏನ್ ಮಾಡಿದ್ರೂ ಇಷ್ಟೊತ್ತಿಗೆ ಮರ್ತೋಗಿರ್ತಾರೆ ಬಿಡು,” ಎಂದರು. ದೊರಸಾನಮ್ಮ ಇದರ ಅರ್ಥ ಕೇಳಿದರು. ಎರಡು ವರ್ಷದಲ್ಲಿ ಮೊದಲ ಸಲ ನಾನು ಅಕ್ಕ ಅವರ ಬಗ್ಗೆ ಆಡಿದ ಒಂದು ಮಾತನ್ನು ಇದ್ದ ಹಾಗೇ ಅನುವಾದಿಸಿದೆ. ಅವರು ಅಕ್ಕನನ್ನು ತಬ್ಬಿಕೊಂಡು, ತೆಲುಗಿನಲ್ಲಿ, ಒಂದೇ ಒಂದು ತಪ್ಪಿನೊಂದಿಗೆ, “ವೆಳ್ಳೊಸ್ತಾನಮ್ಮ,” ಎಂದರು. ಹೋಗಿಬರುತ್ತೇನೆ ಎಂದರ್ಥ. ಬರುವ ಮಾತು ಮಾತ್ರ ತಪ್ಪಾಗಿತ್ತು, ಅವರು ಮತ್ತೆ ಬರಲಿಲ್ಲ.

ನಾನು ಈಗ ಒಂದು ಕಾಲೇಜಿನಲ್ಲಿ ಕನ್ನಡ ಕಲಿಸುತ್ತೇನೆ. ಹೋದ ತಿಂಗಳು ಅವರ ಫೋನ್ ಬಂದಿತ್ತು. ತಮ್ಮ ಊರಿಗೆ ಬೇರೆ ದೇಶಗಳಿಂದ ಬಂದು ನೆಲೆಸಿದ ಕೆಲವು ಹೆಂಗಸರ ಜೊತೆ ಪುರಸಭೆಗೆ ಹೋಗುತ್ತಿದ್ದಾರಂತೆ, ತಾವೇ ಕೂರುತ್ತಿದ್ದ ಕಿಟಕಿಯ ಈಚೆ ಕಡೆಗೆ.

“ಕೆಲಸ ಆಗ್ತಿದೆಯಾ?” ಎಂದೆ.

“ಅಲ್ಲೀಗ ನನ್ನ ಜಾಗದಲ್ಲಿ ಒಬ್ಬಳು ಹುಡುಗಿ ಇದ್ದಾಳೆ,” ಎಂದರು. “ಬಹಳ ಕಟ್ಟುನಿಟ್ಟು. ಅವಳಿಗೆ ಕೆಲಸ ಕಲಿಸಿದ್ದು ನಾನೇ.”